ಎಕ್ಸೆಲ್ ಮ್ಯಾಕ್ರೋ ನಿಮ್ಮಲ್ಲಿ ಓಡುತ್ತದೆ, ಬೇರೆಯವರಲ್ಲಿ ಓಡಲ್ಲ: ಬರೆಯುವುದರಿಂದ ಹಂಚುವವರೆಗೆ ಸಮಗ್ರ ಮಾರ್ಗದರ್ಶಿ

ಮ್ಯಾಕ್ರೋ (ಎಕ್ಸೆಲ್‌ನಲ್ಲಿ ಪದೇ ಪದೇ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಕೋಡ್) ಬರೆಯುವವರು ತರುವ ದೂರುಗಳು ಸುತ್ತಿ ಬಳಸಿ ಮೂರೇ. ಒಂದು, ನಿನ್ನೆ ಬರೆದ ಕೋಡ್ ಇವತ್ತು ಫೈಲಿನಲ್ಲೇ ಇಲ್ಲ. ಎರಡು, ನನ್ನ ಹತ್ತಿರ ಚೆನ್ನಾಗಿ ಓಡುತ್ತದೆ, ಪಕ್ಕದ ಸೀಟಿನವರ ಹತ್ತಿರ ಮ್ಯಾಕ್ರೋ ತಡೆಯಲಾಗಿದೆ ಅನ್ನುವ ಕೆಂಪು ಪಟ್ಟಿ ಬರುತ್ತದೆ. ಮೂರು, ಓಡಿತು, ಆದರೆ ಬೇರೆ ಯಾವುದೋ ಫೈಲಿನ ಡೇಟಾ ಅಳಿಸಿ ಹಾಕಿತು. ಈ ಮೂರರಲ್ಲೂ ಕೋಡಿನ ಲೆಕ್ಕಾಚಾರ ಬಹುಪಾಲು ಸರಿಯಾಗೇ ಇರುತ್ತದೆ. ಎಡವಟ್ಟು ಆಗುವುದು ಕೋಡ್ ಎಲ್ಲಿ ಕೂತಿದೆ, ಯಾವ ಫೈಲನ್ನು ನೋಡುತ್ತಿದೆ, ಫೈಲ್ ಯಾವ ದಾರಿಯಲ್ಲಿ ಬಂತು ಅನ್ನುವುದರಲ್ಲಿ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೋಡ್ ಬರೆದು ಮುಗಿಸಿದ ತಕ್ಷಣ ಮೇಲ್‌ಗೆ ಅಂಟಿಸಿ ಕಳಿಸಿಬಿಡೋಣ ಅನಿಸುತ್ತದೆ, ಅಲ್ವಾ? ಅಲ್ಲೇ ಮುಗ್ಗರಿಸುವುದು.

ಇಲ್ಲಿ ಹೇಳುವುದೆಲ್ಲ ವಿಂಡೋಸ್‌ನ ಡೆಸ್ಕ್‌ಟಾಪ್ ಎಕ್ಸೆಲ್ ಮತ್ತು ಅದರೊಳಗಿನ ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಬಗ್ಗೆ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಾಗಲಿ ಫೋನಿನ ಆ್ಯಪ್‌ನಲ್ಲಾಗಲಿ ವಿಬಿಎ ಓಡುವುದಿಲ್ಲ. ಮ್ಯಾಕ್‌ನಲ್ಲಿ ಓಡುತ್ತದೆ, ಆದರೆ ಫೋಲ್ಡರ್ ಪಾತ್ ಬರೆಯುವ ರೀತಿ ಬೇರೆ, ವಿಂಡೋಸ್‌ನದೇ ಲೈಬ್ರರಿಗಳು ಸಿಗುವುದಿಲ್ಲ. ನಿಮ್ಮ ಫೈಲ್ ಬಳಸುವವರಲ್ಲಿ ಯಾರಾದರೂ ಮ್ಯಾಕ್ ಇಟ್ಟುಕೊಂಡಿದ್ದಾರಾ ಅಂತ ಮೊದಲೇ ಕೇಳಿಬಿಡಿ.

## ಶುರು ಮಾಡುವ ಮೊದಲು ಬೇಕಾದದ್ದು

ಡೆವಲಪರ್ ಟ್ಯಾಬ್ ಕಾಣಿಸುತ್ತಿರಬೇಕು. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಅಂತ ಹೋಗಿ ಬಲಗಡೆಯ ಪಟ್ಟಿಯಲ್ಲಿ ಡೆವಲಪರ್‌ಗೆ ಟಿಕ್ ಹಾಕಿ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ. ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ (ಮಾಮೂಲಿ ಫೈಲ್) ಇದೆಯೋ ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೋ ಇಡಬಹುದಾದ ಫೈಲ್) ಇದೆಯೋ ಅಂತ ಕಾಣದೇ ಹೋದರೆ ಮುಂದಿನ ಅರ್ಧ ಮಾತು ವ್ಯರ್ಥ.

ಇನ್ನೊಂದು ಕಂಪ್ಯೂಟರ್ ಬೇಕು. ಅದಿಲ್ಲದಿದ್ದರೆ ನಿಮ್ಮದರಲ್ಲೇ ವಿಂಡೋಸ್‌ನ ಇನ್ನೊಂದು ಯೂಸರ್ ಅಕೌಂಟ್ ಮಾಡಿಕೊಳ್ಳಿ. ನಿಮ್ಮ ಅಕೌಂಟ್‌ನಲ್ಲಿ ನೀವು ವರ್ಷಗಟ್ಟಲೆ ಬದಲಾಯಿಸಿದ ಸೆಟ್ಟಿಂಗ್‌ಗಳು ಇರುತ್ತವೆ. ಅಲ್ಲಿ ಓಡಿತು ಅಂದರೆ ಅದು ಪುರಾವೆಯೇ ಅಲ್ಲ.

ಕೊನೆಯದಾಗಿ, ನಿಜವಾದ ಡೇಟಾ ಇರುವ ಫೈಲಿನ ಒಂದು ನಕಲು. ಮ್ಯಾಕ್ರೋ ಶೀಟನ್ನು ಬದಲಾಯಿಸಿದರೆ ಎಕ್ಸೆಲ್‌ನ ಅನ್‌ಡೂ ಪಟ್ಟಿ ಖಾಲಿಯಾಗುತ್ತದೆ. ಅಂದರೆ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಹೋಗಲು ಆಗಲ್ಲ. ಅಸಲಿ ಫೈಲಿನ ಮೇಲೆ ಪ್ರಯೋಗ ಬೇಡವೇ ಬೇಡ.

## ಹಂತ 1: ಎಡಿಟರ್ ಸಿದ್ಧ ಮಾಡಿಕೊಳ್ಳಿ

ಆಲ್ಟ್ ಮತ್ತು ಎಫ್11 ಒತ್ತಿದರೆ ವಿಬಿಎ ಎಡಿಟರ್ ತೆರೆಯುತ್ತದೆ. ಅಲ್ಲಿ ಟೂಲ್ಸ್, ಆಪ್ಷನ್ಸ್ ಒಳಗೆ "ರಿಕ್ವೈರ್ ವೇರಿಯಬಲ್ ಡಿಕ್ಲರೇಷನ್" ಅಂತ ಇದೆ, ಅದಕ್ಕೆ ಟಿಕ್ ಹಾಕಿ. ಇದಾದ ಮೇಲೆ ಸೇರಿಸುವ ಪ್ರತಿ ಹೊಸ ಮಾಡ್ಯೂಲ್‌ನ (ಕೋಡ್ ಬರೆಯುವ ಹಾಳೆಯ) ತಲೆಯಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್ ಅನ್ನುವ ಸಾಲು ತಾನಾಗಿ ಬರುತ್ತದೆ. ಹಳೆಯ ಮಾಡ್ಯೂಲ್‌ಗಳಿಗೆ ಬರುವುದಿಲ್ಲ, ಅವಕ್ಕೆ ನೀವೇ ಟೈಪ್ ಮಾಡಬೇಕು. ಈ ಸಾಲು ಇಲ್ಲದಿದ್ದರೆ ವೇರಿಯಬಲ್ (ಕೋಡ್ ಒಂದು ಬೆಲೆಯನ್ನು ಇಟ್ಟುಕೊಳ್ಳುವ ಜಾಗ) ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ವಿಬಿಎ ಬಾಯಿ ಬಿಡುವುದಿಲ್ಲ, ಸುಮ್ನೆ ಹೊಸ ಖಾಲಿ ವೇರಿಯಬಲ್ ಹುಟ್ಟಿಸಿಕೊಂಡು ಮುಂದೆ ಹೋಗುತ್ತದೆ, ಮೊತ್ತ ಸೊನ್ನೆ ಬಂದಾಗ ನೀವು ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಕೂರುತ್ತೀರಿ.

ಅದೇ ಜಾಗದಲ್ಲಿ "ಆಟೋ ಸಿಂಟ್ಯಾಕ್ಸ್ ಚೆಕ್" ಟಿಕ್ ತೆಗೆದುಬಿಡಿ. ತಪ್ಪಾದ ಸಾಲು ಕೆಂಪಾಗುವುದು ಹಾಗೇ ಇರುತ್ತದೆ, ಪದೇ ಪದೇ ಅಡ್ಡ ಬರುವ ಪೆಟ್ಟಿಗೆ ಮಾತ್ರ ನಿಲ್ಲುತ್ತದೆ. ಕಂಟ್ರೋಲ್ ಆರ್ ಒತ್ತಿದರೆ ಎಡಗಡೆ ಪ್ರಾಜೆಕ್ಟ್ ಪಟ್ಟಿ, ಕಂಟ್ರೋಲ್ ಜಿ ಒತ್ತಿದರೆ ಕೆಳಗೆ ಇಮ್ಮಿಡಿಯೆಟ್ ವಿಂಡೋ (ಒಂದೊಂದು ಸಾಲು ಕೋಡ್ ಪರೀಕ್ಷಿಸಿ ನೋಡುವ ಜಾಗ). ಎರಡೂ ಯಾವಾಗಲೂ ತೆರೆದಿರಲಿ.

ಕನ್ನಡದಲ್ಲಿ ಸಂದೇಶ ತೋರಿಸಬೇಕು ಅನ್ನುವವರಿಗೆ ಒಂದು ಮಾತು. ಈ ಎಡಿಟರ್ ಯೂನಿಕೋಡ್ (ಕನ್ನಡದಂಥ ಲಿಪಿಗಳ ಅಕ್ಷರ ಸಂಕೇತ) ಅರಿಯದು. ಕೋಡಿನೊಳಗೆ ಕನ್ನಡ ಪೇಸ್ಟ್ ಮಾಡಿದರೆ ಅಕ್ಷರಗಳ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಮೆಸೇಜ್ ಬಾಕ್ಸ್‌ನಲ್ಲೂ ಅದೇ ಗತಿ. ದಾರಿ ಏನೆಂದರೆ, ಸಂದೇಶಗಳನ್ನು ಒಂದು ಶೀಟಿನ ಸೆಲ್‌ಗಳಲ್ಲಿ ಬರೆದಿಡಿ, ಕೋಡ್ ಅಲ್ಲಿಂದ ಓದಿಕೊಳ್ಳಲಿ, ತೋರಿಸುವುದಕ್ಕೆ ಯೂಸರ್‌ಫಾರ್ಮ್‌ನ (ನೀವೇ ವಿನ್ಯಾಸ ಮಾಡುವ ಕಿಟಕಿಯ) ಲೇಬಲ್ ಬಳಸಿ. ಲೇಬಲ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ.

## ಹಂತ 2: ಕೋಡ್ ಎಲ್ಲಿ ಕೂರಬೇಕು ಅಂತ ತೀರ್ಮಾನಿಸಿ

ಎಡಗಡೆಯ ಪಟ್ಟಿಯಲ್ಲಿ ಪ್ರತಿ ಶೀಟಿಗೂ ಒಂದೊಂದು ಹೆಸರು, ಕೊನೆಗೆ ದಿಸ್‌ವರ್ಕ್‌ಬುಕ್ ಕಾಣುತ್ತದೆ. ಹೊಸಬರು ಶೀಟಿನ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ಅಲ್ಲೇ ಬರೆಯಲು ಶುರು ಮಾಡುತ್ತಾರೆ. ಬೇಡ. ಇನ್ಸರ್ಟ್, ಮಾಡ್ಯೂಲ್ ಅಂತ ಕೊಟ್ಟು ಬೇರೆ ಮಾಡ್ಯೂಲ್ ತೆಗೆದುಕೊಳ್ಳಿ. ಶೀಟಿನ ಒಳಗೆ ಬರೆದ ಕೋಡ್‌ನಲ್ಲಿ ರೇಂಜ್ (ಸೆಲ್‌ಗಳ ಗುಂಪು) ಅಂತ ಬರೀ ಹೆಸರು ಹೇಳಿದರೆ ಅದು ಆ ಶೀಟಿನ ರೇಂಜ್ ಅಂತಲೇ ಅರ್ಥ, ನೀವು ಕಣ್ಣೆದುರು ಯಾವ ಶೀಟ್ ತೆರೆದಿದ್ದರೂ ಸರಿ. 1004 ಅನ್ನುವ ಎರರ್ ನಂಬರ್ ಬರುವುದಕ್ಕೆ ಇದು ದೊಡ್ಡ ಕಾರಣ. ಶೀಟ್ ಬದಲಾದಾಗ ತಾನಾಗಿ ಓಡಬೇಕಾದ ಈವೆಂಟ್ ಕೋಡ್ ಮಾತ್ರ ಶೀಟಿನ ಒಳಗಿರಲಿ.

ಸೆಲ್‌ನಲ್ಲಿ ಬಳಸುವ ಸ್ವಂತ ಫಂಕ್ಷನ್ ಬರೆದಾಗ ಉತ್ತರದ ಬದಲು ನೇಮ್ ಎರರ್ ಬಂದರೆ ಎರಡು ವಿಷಯ ನೋಡಿ. ಫಂಕ್ಷನ್ ಮಾಮೂಲಿ ಮಾಡ್ಯೂಲ್‌ನಲ್ಲಿದೆಯಾ? ಮಾಡ್ಯೂಲಿಗೂ ಫಂಕ್ಷನ್ನಿಗೂ ಒಂದೇ ಹೆಸರು ಇಟ್ಟಿದ್ದೀರಾ? ಎರಡನೆಯದು ಯಾರಿಗೂ ಹೊಳೆಯುವುದಿಲ್ಲ.

ಈಗ ಸೇವ್ ಮಾಡುವ ವಿಷಯ. 2007ರಿಂದ ಎಕ್ಸೆಲ್‌ನ ಮಾಮೂಲಿ ಫೈಲ್ ಎಕ್ಸ್‌ಎಲ್‌ಎಸ್‌ಎಕ್ಸ್, ಅದರಲ್ಲಿ ಮ್ಯಾಕ್ರೋಗೆ ಜಾಗವೇ ಇಲ್ಲ. ಸೇವ್ ಒತ್ತಿದಾಗ, ಮ್ಯಾಕ್ರೋ ಇಲ್ಲದ ಫೈಲಿನಲ್ಲಿ ವಿಬಿ ಪ್ರಾಜೆಕ್ಟ್ ಉಳಿಸಲಾಗದು ಅಂತ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಉದ್ದದ ಇಂಗ್ಲಿಷ್, ಕೆಳಗೆ ಎಸ್ ಬಟನ್. ಓದದೆ ಎಸ್ ಒತ್ತಿದರೆ ಕೋಡ್ ಬಿಟ್ಟು ಉಳಿದದ್ದು ಸೇವ್ ಆಗುತ್ತದೆ. "ನಿನ್ನೆ ಇತ್ತು, ಇವತ್ತಿಲ್ಲ" ಅನ್ನುವುದರ ಹಿಂದೆ ಇರುವುದು ಇದೇ. ಒತ್ತಿಬಿಟ್ಟಿದ್ದೀರಿ, ಆದರೆ ಫೈಲ್ ಇನ್ನೂ ಮುಚ್ಚಿಲ್ಲ ಅಂದರೆ ಗಾಬರಿ ಬೇಡ. ಮುಚ್ಚುವವರೆಗೂ ಕೋಡ್ ಮೆಮೊರಿಯಲ್ಲಿ ಇರುತ್ತದೆ. ತಕ್ಷಣ ಸೇವ್ ಆ್ಯಸ್ ಕೊಟ್ಟು ಎಕ್ಸ್‌ಎಲ್‌ಎಸ್‌ಎಂ ಆರಿಸಿ. ಮುಚ್ಚಿದ ಮೇಲೆ ಆ ಫೈಲಿನಿಂದ ತೆಗೆಯಲು ಸಾಧ್ಯವಿಲ್ಲ.

ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್ ಅಂತ ಇನ್ನೊಂದು ಜಾಗ ಇದೆ. ಎಕ್ಸೆಲ್ ತೆರೆದಾಗಲೆಲ್ಲ ಅಡಗಿಕೊಂಡು ತೆರೆಯುವ ಫೈಲ್ ಅದು. ನಿಮ್ಮೊಬ್ಬರ ಕೆಲಸಕ್ಕೆ ಬಹಳ ಒಳ್ಳೆಯದು, ಹಂಚುವುದಕ್ಕೆ ಅಲ್ಲ. ಎಕ್ಸೆಲ್ ಮುಚ್ಚುವಾಗ "ಪರ್ಸನಲ್ ವರ್ಕ್‌ಬುಕ್ ಬದಲಾವಣೆ ಉಳಿಸಬೇಕಾ" ಅಂತ ಕೇಳುತ್ತದೆ, ನಾನು ಯಾವ ಫೈಲೂ ತೆರೆದಿರಲಿಲ್ಲವಲ್ಲ ಅಂದುಕೊಂಡು ಬೇಡ ಅಂದರೆ ಅವತ್ತು ಬರೆದದ್ದು ಹೋಯಿತು.

## ಹಂತ 3: ಕೋಡ್ ಯಾವ ಫೈಲನ್ನು ನೋಡುತ್ತಿದೆ?

ಇಡೀ ಕೆಲಸದಲ್ಲಿ ಅತಿ ಜಾಸ್ತಿ ಹಾನಿ ಆಗುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ.

ಆ್ಯಕ್ಟಿವ್‌ವರ್ಕ್‌ಬುಕ್ ಅಂದರೆ ಈ ಕ್ಷಣ ಮುಂದೆ ತೆರೆದಿರುವ ಫೈಲ್. ದಿಸ್‌ವರ್ಕ್‌ಬುಕ್ ಅಂದರೆ ಕೋಡ್ ಕೂತಿರುವ ಫೈಲ್. ಮ್ಯಾಕ್ರೋ ರೆಕಾರ್ಡರ್ ಬರೆದುಕೊಡುವ ಕೋಡ್‌ನಲ್ಲಿ ಎಲ್ಲ ಕಡೆ ಸೆಲೆಕ್ಟ್, ಸೆಲೆಕ್ಷನ್, ಆ್ಯಕ್ಟಿವ್‌ಶೀಟ್ ಇರುತ್ತದೆ. ನೀವು ಒಂದೇ ಫೈಲ್ ತೆರೆದು ಪರೀಕ್ಷೆ ಮಾಡುವಾಗ ಎಲ್ಲ ಸರಿ. ಬಳಸುವವರು ನಾಲ್ಕು ಫೈಲ್ ತೆರೆದಿಟ್ಟುಕೊಂಡು ಬೇರೊಂದರಲ್ಲಿ ನಿಂತು ನಿಮ್ಮ ಶಾರ್ಟ್‌ಕಟ್ ಒತ್ತುತ್ತಾರೆ. ನಿಮ್ಮ ಕೋಡ್‌ನ ಮೊದಲ ಸಾಲು "ಎರಡನೇ ಸಾಲಿನಿಂದ ಕೆಳಗೆ ಅಳಿಸು" ಅಂತ ಇದ್ದರೆ ಅವರು ನಿಂತಿದ್ದ ಫೈಲ್ ಬರಿದಾಗುತ್ತದೆ. ಅನ್‌ಡೂ ಇಲ್ಲ ಅನ್ನುವುದು ನೆನಪಿದೆಯಲ್ಲ.

ಮಾಡಬೇಕಾದದ್ದು ಇಷ್ಟು. ಸಬ್ (ಒಂದು ಮ್ಯಾಕ್ರೋದ ಕೋಡ್ ತುಂಡು) ಶುರುವಾದ ತಕ್ಷಣ ಬೇಕಾದ ವರ್ಕ್‌ಬುಕ್ ಮತ್ತು ಶೀಟನ್ನು ಸೆಟ್ ಬಳಸಿ ವೇರಿಯಬಲ್‌ಗಳಲ್ಲಿ ಹಿಡಿದುಕೊಳ್ಳಿ. ಮುಂದಿನ ಪ್ರತಿ ರೇಂಜ್, ಪ್ರತಿ ಸೆಲ್ಸ್ ಎದುರಿಗೂ ಆ ಶೀಟ್ ವೇರಿಯಬಲ್ ಮತ್ತು ಚುಕ್ಕೆ ಇರಲಿ. ಯಾವುದನ್ನಾದರೂ ಅಳಿಸುವ ಮೊದಲು, ಇದು ಸರಿಯಾದ ಶೀಟೇ ಅಂತ ಖಾತ್ರಿ ಮಾಡಿಕೊಳ್ಳಿ: ಮೊದಲ ಸಾಲಿನ ತಲೆಬರಹಗಳು ನೀವು ನಿರೀಕ್ಷಿಸಿದ್ದೇ ಇವೆಯಾ ಅಂತ ಹೋಲಿಸಿ, ಇಲ್ಲದಿದ್ದರೆ ಒಂದು ಸಂದೇಶ ತೋರಿಸಿ ಅಲ್ಲೇ ನಿಲ್ಲಿಸಿ. ನಾಲ್ಕು ಸಾಲಿನ ಕೆಲಸ. ಮಾಡದೇ ಇರುವುದಕ್ಕೆ ನನಗಂತೂ ಯಾವ ನೆಪವೂ ಕಾಣುವುದಿಲ್ಲ.

ರೇಂಜ್ ಒಳಗಿನ ಸೆಲ್ಸ್ ಬಗ್ಗೆ ಎಚ್ಚರ. ರೇಂಜ್ ಎದುರಿಗೆ ಶೀಟ್ ಹೆಸರು ಹಾಕಿ, ಬ್ರಾಕೆಟ್ ಒಳಗಿನ ಎರಡು ಸೆಲ್ಸ್‌ಗೆ ಹಾಕದೇ ಬಿಟ್ಟರೆ ಒಳಗಿನವು ಆ್ಯಕ್ಟಿವ್ ಶೀಟಿಗೆ ಸೇರುತ್ತವೆ, ಎರಡೂ ಬೇರೆ ಶೀಟ್ ಆದಾಗ ಮತ್ತೆ 1004. ಒಮ್ಮೆ ಓಡುತ್ತದೆ ಇನ್ನೊಮ್ಮೆ ಇಲ್ಲ ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಪಾತ್ ಕೂಡ ಇದೇ ಜಾತಿಯ ತೊಂದರೆ. ನಿಮ್ಮ ಯೂಸರ್ ಹೆಸರು ಇರುವ ಪಾತ್‌ ಕೋಡ್‌ನಲ್ಲಿ ಬರೆದರೆ ಬೇರೆ ಕಡೆ ಓಡಲ್ಲ ಅನ್ನುವುದು ಗೊತ್ತಿರುವುದೇ. ಅದಕ್ಕೆ ಎಲ್ಲರೂ ದಿಸ್‌ವರ್ಕ್‌ಬುಕ್‌ನ ಪಾತ್ ಬಳಸುತ್ತಾರೆ. ಆದರೆ ಫೈಲ್ ಒನ್‌ಡ್ರೈವ್ ಸಿಂಕ್ ಆಗುವ ಫೋಲ್ಡರ್‌ನಲ್ಲಿದ್ದರೆ ಆ ಪಾತ್ ಡಿಸ್ಕಿನ ವಿಳಾಸದ ಬದಲು ವೆಬ್ ವಿಳಾಸವಾಗಿ ಬರಬಹುದು, ಫೈಲ್ ಹುಡುಕುವ ಡಿರ್ ಫಂಕ್ಷನ್‌ಗೆ ಅದು ಅರ್ಥವಾಗುವುದಿಲ್ಲ, ಬ್ಯಾಡ್ ಫೈಲ್ ನೇಮ್ ಅಂತ ಎರರ್ ಕೊಡುತ್ತದೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳೇ ಒನ್‌ಡ್ರೈವ್‌ಗೆ ಸೇರಿರುವ ಕಂಪ್ಯೂಟರ್‌ಗಳು ಈಗ ಬಹಳ. ಸುಲಭದ ದಾರಿ: ಫೋಲ್ಡರ್ ಆರಿಸುವ ಕಿಟಕಿ ತೋರಿಸಿ ಬಳಸುವವರನ್ನೇ ಕೇಳಿ, ಅಥವಾ ಪಾತ್‌ನ ಶುರುವಿನಲ್ಲಿ ವೆಬ್ ವಿಳಾಸ ಕಂಡರೆ ಫೈಲನ್ನು ಸ್ಥಳೀಯ ಫೋಲ್ಡರ್‌ಗೆ ಹಾಕಿ ಅಂತ ಹೇಳಿ ನಿಲ್ಲಿಸಿ.

ಇನ್ನೊಂದು ಚಿಕ್ಕದು. ಸಾಲಿನ ಸಂಖ್ಯೆ ಇಡುವ ವೇರಿಯಬಲ್ ಇಂಟಿಜರ್ ಆಗಿದ್ದರೆ 32,767 ದಾಟಿದ ಕೂಡಲೇ ಓವರ್‌ಫ್ಲೋ. ಶೀಟಿನಲ್ಲಿ 10,48,576 ಸಾಲುಗಳಿವೆ. ಯಾವಾಗಲೂ ಲಾಂಗ್ ಬಳಸಿ.

## ಹಂತ 4: ಓಡಿಸಿ, ಆದರೆ ಒಂದೊಂದೇ ಸಾಲು

ಎಡಿಟರ್‌ನಲ್ಲಿ ಕರ್ಸರ್ ಸಬ್ ಒಳಗಿಟ್ಟು ಎಫ್5 ಒತ್ತಿದರೆ ಪೂರ್ತಿ ಓಡುತ್ತದೆ. ಮೊದಲ ಸಲ ಎಫ್5 ಬೇಡ, ಎಫ್8 ಒತ್ತಿ. ಒಂದು ಒತ್ತಿಗೆ ಒಂದು ಸಾಲು. ಹಳದಿ ಬಣ್ಣ ಬಿದ್ದಿರುವ ಸಾಲು ಇನ್ನೂ ಓಡಿಲ್ಲ, ಮುಂದಿನ ಒತ್ತಿಗೆ ಓಡುತ್ತದೆ. ವೇರಿಯಬಲ್ ಮೇಲೆ ಮೌಸ್ ಇಟ್ಟರೆ ಅದರೊಳಗಿನ ಬೆಲೆ ಕಾಣುತ್ತದೆ. ಸಾವಿರ ಸುತ್ತಿನ ಲೂಪ್ ಇದ್ದರೆ ಅದರ ನಂತರದ ಸಾಲಿನಲ್ಲಿ ಎಫ್9 ಒತ್ತಿ ತಡೆ ಹಾಕಿ, ಆಮೇಲೆ ಎಫ್5. ಲೂಪ್ ನಿಲ್ಲದೇ ಹೋದರೆ ಎಸ್ಕೇಪ್, ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್ ಬ್ರೇಕ್.

ಬಳಸುವವರಿಗೆ ಆಲ್ಟ್ ಎಫ್8 ಪಟ್ಟಿ ಇದೆ. ಅಲ್ಲಿ ನಿಮ್ಮ ಮ್ಯಾಕ್ರೋ ಕಾಣದಿದ್ದರೆ ಅದು ಪ್ರೈವೆಟ್ ಆಗಿದೆ, ಇಲ್ಲವೇ ಬ್ರಾಕೆಟ್ ಒಳಗೆ ಆರ್ಗ್ಯುಮೆಂಟ್ (ಹೊರಗಿನಿಂದ ಕೊಡುವ ಬೆಲೆ) ಕೇಳುತ್ತಿದೆ, ಇಲ್ಲವೇ ಸಬ್ ಬದಲು ಫಂಕ್ಷನ್ ಅಂತ ಬರೆದಿದ್ದೀರಿ. ಬಟನ್ ಇಡುವುದಾದರೆ ಡೆವಲಪರ್ ಟ್ಯಾಬ್‌ನ ಇನ್ಸರ್ಟ್‌ನಲ್ಲಿ ಎರಡು ಗುಂಪುಗಳಿವೆ, ಫಾರ್ಮ್ ಕಂಟ್ರೋಲ್ಸ್ ಗುಂಪಿನದೇ ತೆಗೆದುಕೊಳ್ಳಿ. ಆ್ಯಕ್ಟಿವ್‌ಎಕ್ಸ್ ಗುಂಪಿನ ಬಟನ್ ತಲೆನೋವು ಜಾಸ್ತಿ, ಮ್ಯಾಕ್‌ನಲ್ಲಂತೂ ಕೆಲಸವೇ ಮಾಡುವುದಿಲ್ಲ. ಬಟನ್ ಇರುವ ಶೀಟನ್ನು ಬೇರೆ ಫೈಲಿಗೆ ಕಾಪಿ ಮಾಡಿದರೆ ಬಟನ್ ಹಳೆಯ ಫೈಲಿನ ಮ್ಯಾಕ್ರೋವನ್ನೇ ಹುಡುಕುತ್ತದೆ, ಬಲ ಕ್ಲಿಕ್ ಮಾಡಿ ಅಸೈನ್ ಮ್ಯಾಕ್ರೋದಲ್ಲಿ ಮತ್ತೆ ಹೊಂದಿಸಿ.

ಶಾರ್ಟ್‌ಕಟ್ ಕೊಡುವಾಗ ಕಂಟ್ರೋಲ್ ಜೊತೆ ಶಿಫ್ಟ್ ಸೇರಿಸಿ. ಬರೀ ಕಂಟ್ರೋಲ್ ಸಿ ಕೊಟ್ಟರೆ ಆ ಫೈಲ್ ತೆರೆದಿರುವಷ್ಟು ಹೊತ್ತು ಕಾಪಿ ಮಾಡಲು ಹೋದವರಿಗೆಲ್ಲ ನಿಮ್ಮ ಮ್ಯಾಕ್ರೋ ಓಡುತ್ತದೆ.

## ಹಂತ 5: ಅರ್ಧದಲ್ಲಿ ನಿಂತರೆ ಏನಾಗುತ್ತದೆ ಅಂತ ಯೋಚಿಸಿ

ವೇಗಕ್ಕಾಗಿ ಎಲ್ಲರೂ ಮೂರು ಸ್ವಿಚ್ ಆಫ್ ಮಾಡುತ್ತಾರೆ: ಸ್ಕ್ರೀನ್‌ಅಪ್‌ಡೇಟಿಂಗ್ (ಪರದೆ ಹೊಸದಾಗಿ ಮೂಡುವುದು), ಎನೇಬಲ್‌ಈವೆಂಟ್ಸ್ (ಈವೆಂಟ್ ಕೋಡ್ ತಾನಾಗಿ ಓಡುವುದು), ಕ್ಯಾಲ್ಕ್ಯುಲೇಷನ್ (ಫಾರ್ಮುಲಾ ತಾನಾಗಿ ಲೆಕ್ಕ ಹಾಕುವುದು). ಮೊದಲನೆಯದು ಮ್ಯಾಕ್ರೋ ಮುಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಉಳಿದೆರಡು ಹೋಗುವುದಿಲ್ಲ. ಮಧ್ಯದಲ್ಲಿ ಎರರ್ ಬಂದು, ಎದುರಿಗೆ ಬಂದ ಪೆಟ್ಟಿಗೆಯಲ್ಲಿ ಬಳಸುವವರು ಎಂಡ್ ಒತ್ತಿದರೆ, ಕ್ಯಾಲ್ಕ್ಯುಲೇಷನ್ ಮ್ಯಾನುವಲ್‌ನಲ್ಲೇ ಉಳಿಯುತ್ತದೆ. ಅದು ನಿಮ್ಮ ಫೈಲಿಗೆ ಮಾತ್ರ ಅಲ್ಲ, ತೆರೆದಿರುವ ಎಲ್ಲ ಫೈಲಿಗೂ. ಅವರು ಸಂಜೆವರೆಗೂ ಅಂಕಿ ಬದಲಾಯಿಸುತ್ತಾರೆ, ಒಟ್ಟು ಮೊತ್ತ ಮಾತ್ರ ಕದಲುವುದಿಲ್ಲ. ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಕ್ಯಾಲ್ಕ್ಯುಲೇಟ್ ಅನ್ನುವ ಪದ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ.

ಪರಿಹಾರ: ಸಬ್‌ನ ಕೊನೆಯಲ್ಲಿ ಒಂದು ಲೇಬಲ್ ಇಟ್ಟು ಅದರ ಕೆಳಗೆ ಸ್ವಿಚ್‌ಗಳನ್ನು ವಾಪಸ್ ಆನ್ ಮಾಡುವ ಸಾಲುಗಳನ್ನು ಬರೆಯಿರಿ. ಶುರುವಿನಲ್ಲಿ ಆನ್ ಎರರ್ ಗೋಟು ಕೊಟ್ಟು, ಎರರ್ ಬಂದರೂ ಬರದಿದ್ದರೂ ಹೊರಗೆ ಹೋಗುವ ಬಾಗಿಲು ಅದೊಂದೇ ಇರಲಿ. ಕ್ಯಾಲ್ಕ್ಯುಲೇಷನ್ ಮೊದಲು ಯಾವ ಸ್ಥಿತಿಯಲ್ಲಿತ್ತೋ ಅದನ್ನು ನೆನಪಿಟ್ಟುಕೊಂಡು ಅದಕ್ಕೇ ಮರಳಿಸಿ. ಕೆಲವರು ಬೇಕೆಂದೇ ಮ್ಯಾನುವಲ್ ಇಟ್ಟುಕೊಂಡಿರುತ್ತಾರೆ.

ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಅನ್ನು ಸಬ್‌ನ ತಲೆಯಲ್ಲಿ ಇಡುವವರಿದ್ದಾರೆ. ಎರರ್ ಕಾಣದಂತಾಗುತ್ತದೆ, ಎರರ್ ಇಲ್ಲದಂತಾಗುವುದಿಲ್ಲ. ಒಂದು ಸಾಲು ತಪ್ಪಬಹುದು ಅಂತ ಗೊತ್ತಿರುವ ಕಡೆ ಆ ಒಂದು ಸಾಲಿಗಷ್ಟೇ ಹಾಕಿ, ಮುಂದಿನ ಸಾಲಿನಲ್ಲೇ ತೆಗೆಯಿರಿ.

## ಹಂತ 6: ರೆಫರೆನ್ಸ್ ಮತ್ತು 64 ಬಿಟ್

ಎಡಿಟರ್‌ನ ಟೂಲ್ಸ್, ರೆಫರೆನ್ಸಸ್ ತೆರೆದು ಟಿಕ್ ಇರುವುದನ್ನೆಲ್ಲ ನೋಡಿ, ನಿಮ್ಮ ಕೋಡ್ ನೆಚ್ಚಿಕೊಂಡ ಲೈಬ್ರರಿಗಳು (ಸಿದ್ಧ ಕೋಡಿನ ಕಂತೆಗಳು) ಅವು. ನಿಮ್ಮಲ್ಲಿರುವ ಲೈಬ್ರರಿಯ ಆವೃತ್ತಿ ಬೇರೆಯವರಲ್ಲಿ ಇಲ್ಲದಿದ್ದರೆ ಅವರ ಪಟ್ಟಿಯಲ್ಲಿ ಅದರ ಮುಂದೆ ಮಿಸ್ಸಿಂಗ್ ಅಂತ ಬರುತ್ತದೆ. ತಮಾಷೆಯೆಂದರೆ ಎರರ್ ಅಲ್ಲಿ ತೋರಿಸುವುದಿಲ್ಲ. ಲೆಫ್ಟ್, ಡೇಟ್, ಫಾರ್ಮ್ಯಾಟ್‌ನಂಥ ಪಾಪದ ಫಂಕ್ಷನ್ ಇರುವ ಸಾಲಿಗೆ ಹೋಗಿ "ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ" ಅನ್ನುತ್ತದೆ. ಆ ಸಾಲನ್ನು ತಿದ್ದುತ್ತಾ ಕೂರಬೇಡಿ, ರೆಫರೆನ್ಸಸ್ ನೋಡಿ. ಔಟ್‌ಲುಕ್, ವರ್ಡ್ ಮುಂತಾದವನ್ನು ಬಳಸುವ ಕೋಡ್‌ನಲ್ಲಿ ರೆಫರೆನ್ಸ್ ಟಿಕ್ ತೆಗೆದು, ವೇರಿಯಬಲ್‌ಗಳನ್ನು ಆಬ್ಜೆಕ್ಟ್ ಅಂತ ಘೋಷಿಸಿ, ಕ್ರಿಯೇಟ್‌ಆಬ್ಜೆಕ್ಟ್ ಮೂಲಕ ಕರೆಯಿರಿ. ಟೈಪ್ ಮಾಡುವಾಗ ಸಲಹೆಗಳು ಬರುವುದಿಲ್ಲ, ಆ ಲೈಬ್ರರಿಯ ಸ್ಥಿರಾಂಕಗಳ ಹೆಸರಿನ ಬದಲು ಅವುಗಳ ಸಂಖ್ಯೆಯನ್ನೇ ಬರೆಯಬೇಕಾಗುತ್ತದೆ, ಆದರೆ ಯಾವ ಆವೃತ್ತಿ ಇದ್ದರೂ ಓಡುತ್ತದೆ.

ವಿಂಡೋಸ್ ಫಂಕ್ಷನ್‌ಗಳನ್ನು ಡಿಕ್ಲೇರ್ ಮಾಡಿದ್ದರೆ 64 ಬಿಟ್ ಆಫೀಸ್‌ನಲ್ಲಿ ಪಿಟಿಆರ್‌ಸೇಫ್ ಅನ್ನುವ ಪದ ಕಡ್ಡಾಯ, ಪಾಯಿಂಟರ್ ಮತ್ತು ಹ್ಯಾಂಡಲ್‌ಗಳಿಗೆ ಲಾಂಗ್‌ಪಿಟಿಆರ್. ಇದು ಆಫೀಸ್ 2010ರಿಂದ ಬಂದದ್ದು, ಅದಕ್ಕಿಂತ ಹಳೆಯ ಕೋಡ್ ನೆಟ್‌ನಿಂದ ಎತ್ತಿಕೊಂಡಿದ್ದರೆ ಈ ಪದ ಇರುವುದಿಲ್ಲ. ಎಲ್ಲ ಆದ ಮೇಲೆ ಡಿಬಗ್ ಮೆನುವಿನಲ್ಲಿ ಕಂಪೈಲ್ ಒತ್ತಿ. ಏನೂ ಆಗದೆ ಸುಮ್ಮನಿದ್ದರೆ ಪಾಸ್.

## ಹಂತ 7: ಆ್ಯಡ್‌ಇನ್ ಮಾಡಿ

ಒಂದೇ ಫೈಲಿಗೆ ಸಂಬಂಧಿಸಿದ ಮ್ಯಾಕ್ರೋ ಆದರೆ ಎಕ್ಸ್‌ಎಲ್‌ಎಸ್‌ಎಂ ಸಾಕು, ಈ ಹಂತ ಬಿಡಿ. ಯಾವ ಫೈಲ್ ತೆರೆದರೂ ಸಿಗಬೇಕು ಅಂದರೆ ಆ್ಯಡ್‌ಇನ್ (ಎಕ್ಸೆಲ್ ಜೊತೆಗೇ ತೆರೆದುಕೊಳ್ಳುವ ಮ್ಯಾಕ್ರೋ ಫೈಲ್) ಬೇಕು.

ಮೊದಲು ಮೂಲ ಎಕ್ಸ್‌ಎಲ್‌ಎಸ್‌ಎಂ ಫೈಲನ್ನು ಒಂದು ಕಡೆ ಜೋಪಾನ ಮಾಡಿ. ಫೈಲ್, ಇನ್ಫೋದಲ್ಲಿ ಟೈಟಲ್ ಬರೆಯಿರಿ, ಆ್ಯಡ್‌ಇನ್ ಪಟ್ಟಿಯಲ್ಲಿ ಕಾಣುವುದು ಅದೇ. ಆಮೇಲೆ ಸೇವ್ ಆ್ಯಸ್, ಎಕ್ಸೆಲ್ ಆ್ಯಡ್‌ಇನ್, ಅಂದರೆ ಎಕ್ಸ್‌ಎಲ್‌ಎಎಂ. ಈ ಬಗೆ ಆರಿಸಿದ ತಕ್ಷಣ ಎಕ್ಸೆಲ್ ನಿಮ್ಮನ್ನು ಕೇಳದೆ ಫೋಲ್ಡರ್ ಬದಲಾಯಿಸುತ್ತದೆ: ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ಆ್ಯಡ್‌ಇನ್ಸ್. ಸೇವ್ ಮಾಡಿದೆ, ಫೈಲ್ ಎಲ್ಲಿ ಹೋಯಿತು ಅಂತ ಹುಡುಕುವವರು ಅಲ್ಲಿ ನೋಡಿ. ಬಗೆ ಆರಿಸಿದ ಮೇಲೆ ಫೋಲ್ಡರ್ ಆರಿಸಿ, ಮೊದಲಲ್ಲ.

ಈಗ ಹಂತ 3ಕ್ಕೆ ಹೋಗಿ ಇನ್ನೊಮ್ಮೆ ಕೋಡ್ ಓದಿ. ಆ್ಯಡ್‌ಇನ್ ಒಳಗೆ ದಿಸ್‌ವರ್ಕ್‌ಬುಕ್ ಅಂದರೆ ಆ್ಯಡ್‌ಇನ್ ಫೈಲೇ. ಬಳಸುವವರ ಡೇಟಾದ ಮೇಲೆ ಕೆಲಸ ಮಾಡಬೇಕಾದ ಕಡೆ ಈಗ ಆ್ಯಕ್ಟಿವ್‌ವರ್ಕ್‌ಬುಕ್ ಬೇಕು, ತಲೆಬರಹದ ಪರೀಕ್ಷೆ ಮೊದಲಿಗಿಂತ ಮುಖ್ಯ. ಸೆಟ್ಟಿಂಗ್, ಸಂದೇಶಗಳ ಶೀಟ್ ಆ್ಯಡ್‌ಇನ್ ಒಳಗೇ ಇರಬಹುದು, ಅದನ್ನು ಓದುವಾಗ ದಿಸ್‌ವರ್ಕ್‌ಬುಕ್. ಯಾವ ಫೈಲೂ ತೆರೆದಿಲ್ಲದಾಗ ಬಟನ್ ಒತ್ತಿದರೆ ಆ್ಯಕ್ಟಿವ್‌ವರ್ಕ್‌ಬುಕ್ ಏನೂ ಇಲ್ಲ, ಅಂದರೆ ನಥಿಂಗ್. ಅದನ್ನೂ ಪರೀಕ್ಷಿಸಿ.

ಹಾಕಿಕೊಳ್ಳುವ ದಾರಿ: ಫೈಲ್, ಆಪ್ಷನ್ಸ್, ಆ್ಯಡ್‌ಇನ್ಸ್, ಕೆಳಗೆ ಮ್ಯಾನೇಜ್ ಎಕ್ಸೆಲ್ ಆ್ಯಡ್‌ಇನ್ಸ್, ಗೋ, ಬ್ರೌಸ್. ಆಲ್ಟ್ ಎಫ್8 ಪಟ್ಟಿಯಲ್ಲಿ ಆ್ಯಡ್‌ಇನ್‌ನ ಮ್ಯಾಕ್ರೋಗಳು ಕಾಣುವುದಿಲ್ಲ. ಹೆಸರು ಟೈಪ್ ಮಾಡಿದರೆ ಓಡುತ್ತವೆ, ಆದರೆ ಯಾರು ಟೈಪ್ ಮಾಡುತ್ತಾರೆ? ರಿಬ್ಬನ್‌ನಲ್ಲಿ ಬಟನ್ ಬೇಕೇ ಬೇಕು. ಅದಕ್ಕೆ ಆಫೀಸ್ ರಿಬ್ಬನ್‌ಎಕ್ಸ್ ಎಡಿಟರ್‌ನಂಥ ಉಪಕರಣದಿಂದ ಫೈಲಿನೊಳಗೆ ಬಟನ್‌ನ ವಿವರ ಹೇಳುವ ಎಕ್ಸ್‌ಎಂಎಲ್ ಸೇರಿಸಬೇಕು, ಬಟನ್ ಕರೆಯುವ ಸಬ್ ಐರಿಬ್ಬನ್‌ಕಂಟ್ರೋಲ್ ಬಗೆಯ ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳಬೇಕು. ಅದನ್ನು ಮರೆತರೆ ಆರ್ಗ್ಯುಮೆಂಟ್ ಸಂಖ್ಯೆ ತಪ್ಪು ಅನ್ನುವ ಎರರ್. ಎಕ್ಸ್‌ಎಂಎಲ್‌ನಲ್ಲೇ ತಪ್ಪಿದ್ದರೆ ಟ್ಯಾಬ್ ಬರುವುದೇ ಇಲ್ಲ, ಕಾರಣವೂ ಹೇಳುವುದಿಲ್ಲ. ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಜನರಲ್ ಭಾಗಕ್ಕೆ ಇಳಿದು "ಶೋ ಆ್ಯಡ್‌ಇನ್ ಯೂಸರ್ ಇಂಟರ್‌ಫೇಸ್ ಎರರ್ಸ್" ಟಿಕ್ ಹಾಕಿದರೆ ಯಾವ ಸಾಲಿನಲ್ಲಿ ತಪ್ಪಿದೆ ಅಂತ ಬಾಯಿ ಬಿಡುತ್ತದೆ.

ಆ್ಯಡ್‌ಇನ್‌ನ ಕೋಡ್ ತಿದ್ದಿ ಎಕ್ಸೆಲ್ ಮುಚ್ಚಿದರೆ ಉಳಿಸಬೇಕಾ ಅಂತ ಅದು ಕೇಳುವುದಿಲ್ಲ. ತಿದ್ದಿದ್ದು ಹಾಗೇ ಹೋಗುತ್ತದೆ. ಎಡಿಟರ್‌ನಲ್ಲಿ ಆ ಪ್ರಾಜೆಕ್ಟ್ ಆರಿಸಿ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

## ಹಂತ 8: ಕೆಂಪು ಪಟ್ಟಿ ಮತ್ತು ನಂಬಿಕೆ

ಮೇಲ್‌ನಿಂದ, ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. 2022ರಿಂದ ಮೈಕ್ರೋಸಾಫ್ಟ್ ಆ ಗುರುತಿರುವ ಫೈಲುಗಳ ಮ್ಯಾಕ್ರೋವನ್ನು ತಾನಾಗಿ ತಡೆಯುತ್ತದೆ. ಮೊದಲಿನ ಹಳದಿ ಪಟ್ಟಿಯಲ್ಲಿ ಎನೇಬಲ್ ಕಂಟೆಂಟ್ ಬಟನ್ ಇರುತ್ತಿತ್ತು, ಈ ಕೆಂಪು ಪಟ್ಟಿಯಲ್ಲಿ ಅದಿಲ್ಲ. ಫೈಲ್ ಮುಚ್ಚಿ, ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಜನರಲ್ ಪುಟದ ಕೆಳಗೆ ಅನ್‌ಬ್ಲಾಕ್‌ಗೆ ಟಿಕ್, ಓಕೆ. ಜಿಪ್ ಆಗಿ ಕಳಿಸಿದ್ದರೆ ಬಿಚ್ಚುವ ಮೊದಲೇ ಜಿಪ್ ಫೈಲನ್ನು ಅನ್‌ಬ್ಲಾಕ್ ಮಾಡಿಸಿ, ಇಲ್ಲದಿದ್ದರೆ ವಿಂಡೋಸ್ ಒಳಗಿನ ಫೈಲುಗಳಿಗೂ ಗುರುತು ದಾಟಿಸುತ್ತದೆ.

ಆ್ಯಡ್‌ಇನ್‌ಗೆ ಈ ಗುರುತಿದ್ದರೆ ಕೆಂಪು ಪಟ್ಟಿಯೂ ಬರದೇ ಹೋಗಬಹುದು. ಆ್ಯಡ್‌ಇನ್‌ಗಳ ಪಟ್ಟಿಯಲ್ಲಿ ಟಿಕ್ ಇದೆ, ರಿಬ್ಬನ್ ಟ್ಯಾಬ್ ಮಾತ್ರ ಇಲ್ಲ. ಇದು ಕಂಡ ತಕ್ಷಣ ಪ್ರಾಪರ್ಟೀಸ್ ತೆರೆಯಿರಿ.

ತಂಡಕ್ಕೆ ಹಂಚುವಾಗ ಟ್ರಸ್ಟೆಡ್ ಲೊಕೇಷನ್ ಒಳ್ಳೆಯ ದಾರಿ: ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಟ್ರಸ್ಟೆಡ್ ಲೊಕೇಷನ್ಸ್. ಈ ಕೆಲಸಕ್ಕೇ ಮೀಸಲಾದ ಒಂದು ಫೋಲ್ಡರ್ ಸೇರಿಸಿ. ಡೌನ್‌ಲೋಡ್ಸ್ ಫೋಲ್ಡರನ್ನು ಸೇರಿಸಿದರೆ ಎಲ್ಲಿಂದಲೋ ಬಂದ ಫೈಲಿಗೂ ಬಾಗಿಲು ತೆರೆದಂತೆ. ನೆಟ್‌ವರ್ಕ್ ಫೋಲ್ಡರ್ ಆದರೆ ಅದೇ ಪುಟದ ಕೆಳಗೆ ನೆಟ್‌ವರ್ಕ್ ಜಾಗಗಳಿಗೆ ಅನುಮತಿ ಕೊಡುವ ಟಿಕ್ ಬೇರೆ ಇದೆ. ಕಚೇರಿಯ ಕಂಪ್ಯೂಟರ್‌ಗಳಲ್ಲಿ ಈ ಪುಟ ಬೂದು ಬಣ್ಣಕ್ಕೆ ತಿರುಗಿದ್ದರೆ ಐಟಿಯವರು ಪಾಲಿಸಿ ಹಾಕಿದ್ದಾರೆ ಅಂತ ಅರ್ಥ, ಅವರನ್ನೇ ಕೇಳಿ.

"ಎಲ್ಲ ಮ್ಯಾಕ್ರೋ ಎನೇಬಲ್ ಮಾಡಿ" ಅನ್ನುವ ಆಯ್ಕೆಯನ್ನು ಯಾರಿಗೂ ಸೂಚಿಸಬೇಡಿ. ನಿಮ್ಮ ಫೈಲ್ ಓಡುತ್ತದೆ, ನಾಳೆ ಬರುವ ವೈರಸ್ ಫೈಲೂ ಓಡುತ್ತದೆ.

ಕೋಡಿಗೆ ಡಿಜಿಟಲ್ ಸಹಿ (ಇದು ಯಾರದು ಅಂತ ತೋರಿಸುವ ಗುರುತು) ಹಾಕುವ ಬಗ್ಗೆ ಚುಟುಕಾಗಿ: ಆಫೀಸ್ ಜೊತೆ ಬರುವ ಸೆಲ್ಫ್‌ಸರ್ಟ್‌ನಿಂದ ಮಾಡಿದ ಸರ್ಟಿಫಿಕೇಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಬೆಲೆ ಉಳ್ಳದ್ದು. ತಂಡಕ್ಕೆ ಬೇಕಾದರೆ ಸಂಸ್ಥೆ ಕೊಡುವ ಅಥವಾ ಖರೀದಿಸಿದ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಯಾರಾದರೂ ಕೋಡ್ ತಿದ್ದಿ ಸೇವ್ ಮಾಡಿದರೆ ಸಹಿ ಬಿದ್ದುಹೋಗುತ್ತದೆ. ಇನ್ನು ವಿಬಿಎ ಪ್ರಾಜೆಕ್ಟಿಗೆ ಹಾಕುವ ಪಾಸ್‌ವರ್ಡ್, ಅದು ಕೈ ತಪ್ಪಿ ತಿದ್ದದಿರಲಿ ಅನ್ನುವುದಕ್ಕಷ್ಟೇ. ಸುಲಭವಾಗಿ ತೆಗೆಯಬಹುದು. ಡೇಟಾಬೇಸ್ ಪಾಸ್‌ವರ್ಡ್ ಕೋಡ್‌ನಲ್ಲಿ ಬರೆದಿಡಬೇಡಿ.

## ಹಂತ 9: ಹಂಚಿ, ಹೊಸದು ಕೊಡಿ, ತೆಗೆಸಿ

ಎರಡು ದಾರಿ ಇವೆ. ಪ್ರತಿಯೊಬ್ಬರ ಕಂಪ್ಯೂಟರ್‌ಗೂ ನಕಲು ಹಾಕುವುದು, ಇಲ್ಲವೇ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಒಂದೇ ಫೈಲ್ ಇಟ್ಟು ಎಲ್ಲರೂ ಅಲ್ಲಿಂದಲೇ ಸೇರಿಸಿಕೊಳ್ಳುವುದು. ಪದೇ ಪದೇ ಬದಲಾಗುವ ಕೋಡ್ ಆದರೆ ನನ್ನ ಮತ ಎರಡನೆಯದಕ್ಕೆ. ಆಗ ಬ್ರೌಸ್ ಮಾಡುವಾಗ "ಈ ಫೈಲನ್ನು ನಿಮ್ಮ ಆ್ಯಡ್‌ಇನ್ಸ್ ಫೋಲ್ಡರ್‌ಗೆ ನಕಲು ಮಾಡಲಾ" ಅಂತ ಕೇಳುತ್ತದೆ, ಬೇಡ ಅನ್ನಬೇಕು. ಹೌದು ಅಂದವರ ಹತ್ತಿರ ಹಳೆಯ ಪ್ರತಿಯೇ ಕೊನೆವರೆಗೂ ಉಳಿಯುತ್ತದೆ, ನೀವು ಸರಿಪಡಿಸಿದ ದೋಷವನ್ನೇ ಅವರು ಮತ್ತೆ ಮತ್ತೆ ವರದಿ ಮಾಡುತ್ತಾರೆ. ನೆಟ್‌ವರ್ಕ್‌ನಲ್ಲಿರುವ ಫೈಲಿಗೆ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಹಾಕಿ. ಇಲ್ಲದಿದ್ದರೆ ಬೆಳಗ್ಗೆ ಮೊದಲು ಎಕ್ಸೆಲ್ ತೆರೆದವರು ಫೈಲ್ ಹಿಡಿದುಕೊಂಡಿರುತ್ತಾರೆ, ನೀವು ಹೊಸದನ್ನು ಮೇಲೆ ಹಾಕಲು ಆಗುವುದಿಲ್ಲ.

ಆವೃತ್ತಿ ಸಂಖ್ಯೆಯನ್ನು ಫೈಲ್ ಹೆಸರಿನಲ್ಲಿ ಸೇರಿಸಬೇಡಿ. ಹೆಸರು ಬದಲಾದರೆ ಎಲ್ಲರೂ ಹೊಸದಾಗಿ ಸೇರಿಸಿಕೊಳ್ಳಬೇಕು. ಸಂಖ್ಯೆಯನ್ನು ಕೋಡ್‌ನಲ್ಲಿ ಒಂದು ಕಾನ್‌ಸ್ಟಂಟ್ ಆಗಿ ಇಟ್ಟು, ರಿಬ್ಬನ್‌ನಲ್ಲಿ ಅದನ್ನು ತೋರಿಸುವ ಒಂದು ಬಟನ್ ಕೊಡಿ. ದೂರು ಬಂದಾಗ ಮೊದಲು ಕೇಳುವುದು ಆ ಸಂಖ್ಯೆ.

ಆ್ಯಡ್‌ಇನ್‌ನ ಫಂಕ್ಷನ್ ಬಳಸಿದ ಶೀಟನ್ನು ಬೇರೆಯವರು ತೆರೆದಾಗ ಫಾರ್ಮುಲಾದಲ್ಲಿ ನಿಮ್ಮ ಕಂಪ್ಯೂಟರ್‌ನ ಪೂರ್ತಿ ಪಾತ್ ಕಾಣಿಸಿಕೊಂಡರೆ, ಅವರ ಆ್ಯಡ್‌ಇನ್ ಬೇರೆ ಜಾಗದಲ್ಲಿದೆ. ಡೇಟಾ ಟ್ಯಾಬ್‌ನ ಎಡಿಟ್ ಲಿಂಕ್ಸ್‌ನಲ್ಲಿ (ಹೊಸ ಎಕ್ಸೆಲ್‌ನಲ್ಲಿ ವರ್ಕ್‌ಬುಕ್ ಲಿಂಕ್ಸ್) ಮೂಲವನ್ನು ಅವರ ಫೈಲಿಗೆ ಬದಲಾಯಿಸಿ. ಎಲ್ಲರಿಗೂ ಒಂದೇ ಜಾಗ ಅಂತ ಮೊದಲೇ ಗೊತ್ತು ಮಾಡಿದ್ದರೆ ಈ ತೊಂದರೆ ಬರುವುದಿಲ್ಲ.

ನಿನ್ನೆವರೆಗೂ ಇದ್ದ ಆ್ಯಡ್‌ಇನ್ ಒಬ್ಬರಲ್ಲಿ ಮಾತ್ರ ಮಾಯವಾದರೆ, ಎಕ್ಸೆಲ್ ಒಮ್ಮೆ ಕುಸಿದು ಅದನ್ನು ದೂರ ಇಟ್ಟಿರಬಹುದು. ಆಪ್ಷನ್ಸ್, ಆ್ಯಡ್‌ಇನ್ಸ್, ಮ್ಯಾನೇಜ್ ಪಟ್ಟಿಯಲ್ಲಿ ಡಿಸೇಬಲ್ಡ್ ಐಟಮ್ಸ್ ಆರಿಸಿ ಗೋ, ಅಲ್ಲಿದ್ದರೆ ಎನೇಬಲ್ ಮಾಡಿ. ಎಕ್ಸೆಲ್ ತೆರೆಯುವುದೇ ಕಷ್ಟವಾದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ತೆರೆಯಿರಿ, ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ, ಅದರಲ್ಲಿ ಆ್ಯಡ್‌ಇನ್‌ಗಳು ಲೋಡ್ ಆಗುವುದಿಲ್ಲ.

ತೆಗೆಸುವಾಗಲೂ ಕ್ರಮ ಇದೆ. ಮೊದಲು ಆ್ಯಡ್‌ಇನ್ ಪಟ್ಟಿಯಲ್ಲಿ ಟಿಕ್ ತೆಗೆಯಿರಿ, ಎಕ್ಸೆಲ್ ಮುಚ್ಚಿ, ಆಮೇಲೆ ಫೈಲ್ ಅಳಿಸಿ. ಉಲ್ಟಾ ಮಾಡಿದರೆ ಎಕ್ಸೆಲ್ ತೆರೆದಾಗಲೆಲ್ಲ ಫೈಲ್ ಸಿಗುತ್ತಿಲ್ಲ ಅನ್ನುವ ಪೆಟ್ಟಿಗೆ ಬರುತ್ತಿರುತ್ತದೆ. ಬಂದೇಬಿಟ್ಟಿದ್ದರೆ ಅದೇ ಪಟ್ಟಿಗೆ ಹೋಗಿ ಆ ಹೆಸರಿನ ಟಿಕ್ ತೆಗೆಯಲು ನೋಡಿ, ಫೈಲ್ ಇಲ್ಲ, ಪಟ್ಟಿಯಿಂದ ತೆಗೆಯಲಾ ಅಂತ ಅದೇ ಕೇಳುತ್ತದೆ, ಹೌದು ಅನ್ನಿ.